ಕಠಿನ ಶಬ್ದಗಳ ಪರೀಕ್ಷೆಯೂ ನಮ್ಮ ತರುಣರೂ

ಧಾರವಾಡದ ಒಂದು ಮನೆಯ ಪಡಸಾಲೆಯಲ್ಲಿ ಬೆಳಗಿನ ಜಾವಕ್ಕೆ ಒಬ್ಬ ತರುಣನು ಅತ್ತಿತ್ತ ಅಡ್ಡಾಡುತ್ತ ಏನನ್ನೋ ಬಾಯಿಪಾಠ ಮಾಡುತ್ತಿದ್ದನು. ಒಳಗಿನಿಂದ ಬಂದ ಅಜ್ಜನವರು ಕೆಲಹೊತ್ತು ಕಿವಿಗೊಟ್ಟು ಕೇಳಿ, "ಇದು ಯಾವ ಸ್ತೋತ್ರವೋ ತಮ್ಮಾ? ತಾಳವೇನೋ ಇದೆ, ಅರ್ಥ ಮಾತ್ರ ತಿಳಿಯದು" ಎಂದರು. "ಸ್ತೋತ್ರವಲ್ಲ ಅಜ್ಜಾ, ಅಮೇರಿಕೆಯ ಪರೀಕ್ಷೆಯ ಶಬ್ದಗಳು. ಒಟ್ಟು ಮೂರೂವರೆ ಸಾವಿರ ಇವೆ" ಎಂದು ಮೊಮ್ಮಗನು ಉತ್ತರಕೊಟ್ಟನು. "ಎಲ್ಲಿಯವರೆಗೆ ಬಂದಿರುವಿ?" "ಎರಡು ತಿಂಗಳಾಯಿತು, 'ಸಿ' ಅಕ್ಷರ ಇನ್ನೂ ಮುಗಿದಿಲ್ಲ. 'ಸಿ'ಗೆ ಬರುವಷ್ಟರಲ್ಲಿ 'ಎ' ಮರೆತು ಹೋಗಿದೆ."

ಈ ಸಂಭಾಷಣೆಯನ್ನು ನಮಗೆ ತಿಳಿಸಿದ ಮಿತ್ರರು ನಕ್ಕರು. ನಮಗೆ ನಗೆ ಬರಲಿಲ್ಲ. ಏಕೆಂದರೆ ಆ ತರುಣನು ಒಬ್ಬನಲ್ಲ. ಉಚ್ಚಶಿಕ್ಷಣಕ್ಕಾಗಿ ಅಮೇರಿಕೆಗೆ ಹೋಗಬೇಕೆಂಬ ಹಂಬಲದಿಂದ ಈ ಪರೀಕ್ಷೆಗೆ ಕುಳಿತುಕೊಳ್ಳುವ ಭಾರತೀಯರ ಸಂಖ್ಯೆಯು ಇತ್ತೀಚಿನ ವರ್ಷಗಳಲ್ಲಿ ಬಹಳವಾಗಿ ಬೆಳೆದಿದೆ; ಅವರಲ್ಲಿ ಕನ್ನಡಿಗರೂ ಅನೇಕರು. ಅವರೊಳಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಗಣಿತದಲ್ಲಿಯೂ ವಿಜ್ಞಾನದಲ್ಲಿಯೂ ಯಾರಿಗೂ ಹಿಂದುಳಿಯದೆ ಮುಂದೆ ಬಂದು, ಈ ಶಬ್ದಗಳ ಪಟ್ಟಿಯ ಮುಂದೆ ಮಾತ್ರ ಎದೆಗುಂದಿ ನಿಲ್ಲುವವರು ಎಷ್ಟೋ ಜನ. "ಇಂಗ್ಲಿಷ್ ಶಾಲೆಯಲ್ಲಿ ಓದಿದವರಿಗೇ ಇದು ಸಾಧ್ಯ, ನಮ್ಮಂಥವರಿಗಲ್ಲ" ಎಂಬ ಹತಾಶೆಯು ಒಮ್ಮೆ ಮನಸ್ಸಿಗೆ ಹೊಕ್ಕಿತೆಂದರೆ ವಿದ್ಯಾರ್ಥಿಯ ಒಂದು ವರ್ಷವೂ ತಂದೆತಾಯಿಗಳು ಕೂಡಿಟ್ಟ ಹಣವೂ ವ್ಯರ್ಥವಾಗುವುದಲ್ಲದೆ, ತನ್ನ ನುಡಿಯೇ ತನಗೆ ಹೊರೆಯಾಯಿತೆಂಬ ಕೀಳರಿಮೆಯೂ ಜೀವಮಾನವಿಡೀ ಬೆನ್ನಟ್ಟುತ್ತದೆ. ಈ ಹತಾಶೆಗೆ ಆಧಾರವಿಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು. ಶಬ್ದಗಳು ಕಠಿನವಾಗಿರುವುದು ನಿಜ. ಆದರೆ ಅವುಗಳನ್ನು ಒಲಿಸಿಕೊಳ್ಳುವ ಬೀಗದ ಕೈಗಳು ಕನ್ನಡ ಬಲ್ಲವನ ಕೈಯಲ್ಲಿ ಮೊದಲೇ ಇವೆ.

ಪರೀಕ್ಷೆಯ ಸ್ವರೂಪ

ಗ್ರ್ಯಾಜುಯೇಟ್ ರೆಕಾರ್ಡ್ ಎಕ್ಸಾಮಿನೇಶನ್ ಎಂಬುದು ಈ ಪರೀಕ್ಷೆಯ ಹೆಸರು, ಜಿ.ಆರ್.ಇ. ಎಂಬುದು ಅದರ ಸಂಕ್ಷೇಪ. ಕಾರ್ನೆಗಿ ಪ್ರತಿಷ್ಠಾನದವರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯ ಎಂಬ ನಾಲ್ಕು ವಿದ್ಯಾಪೀಠಗಳೊಡನೆ ಕೂಡಿ ೧೯೩೭ರಲ್ಲಿ ಇದನ್ನು ಮೊದಲು ನಡೆಸಿದರು. ಬೇರೆ ಬೇರೆ ಕಾಲೇಜುಗಳಿಂದ ಬಂದ ವಿದ್ಯಾರ್ಥಿಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಬೇಕೆಂಬುದು ಅವರ ಅಭಿಪ್ರಾಯವಾಗಿತ್ತು. ೧೯೪೭ರಲ್ಲಿ ಎಜುಕೇಶನಲ್ ಟೆಸ್ಟಿಂಗ್ ಸರ್ವಿಸ್ ಎಂಬ ಸಂಸ್ಥೆಯು ಸ್ಥಾಪಿತವಾದ ತರುವಾಯ ಪರೀಕ್ಷೆಯ ಭಾರವು ಅದರ ಮೇಲೆ ಬಿದ್ದಿತು.

ಬಹುಕಾಲದವರೆಗೆ ಈ ಪರೀಕ್ಷೆಯಲ್ಲಿ ಒಂದು ಶಬ್ದವನ್ನು ಒಂಟಿಯಾಗಿ ಕೊಟ್ಟು ಅದರ ವಿರುದ್ಧಪದವನ್ನು ಕೇಳುವ ಪದ್ಧತಿಯಿತ್ತು. ಎರಡು ಶಬ್ದಗಳ ಸಂಬಂಧವನ್ನು ತೋರಿಸಿ ಅಂಥದೇ ಸಂಬಂಧವುಳ್ಳ ಇನ್ನೊಂದು ಜೋಡಿಯನ್ನು ಆರಿಸೆನ್ನುವ ಪದ್ಧತಿಯೂ ಇತ್ತು. ಆ ಕಾಲದಲ್ಲಿ ಪಟ್ಟಿಯನ್ನು ನುಂಗಿದವನಿಗೆ ಒಂದಿಷ್ಟು ಲಾಭವಾಗುತ್ತಿದ್ದುದು ಸಹಜ. ಆದರೆ ೨೦೧೧ರಲ್ಲಿ ಪರೀಕ್ಷೆಯನ್ನು ತಿದ್ದಿ ಈ ಎರಡು ಬಗೆಯ ಪ್ರಶ್ನೆಗಳನ್ನೂ ತೆಗೆದುಹಾಕಲಾಯಿತು. ಶಬ್ದವನ್ನು ಇಂದು ಒಂಟಿಯಾಗಿ ಕೇಳುವುದಿಲ್ಲ. ವಾಕ್ಯದೊಳಗೆ ಇಟ್ಟೇ ಕೇಳುತ್ತಾರೆ. ಗದ್ಯಭಾಗವನ್ನು ಓದಿ ಉತ್ತರಿಸುವುದು ಒಂದು ಬಗೆ. ವಾಕ್ಯದಲ್ಲಿ ಒಂದರಿಂದ ಮೂರರವರೆಗೆ ಬಿಟ್ಟ ಸ್ಥಳಗಳನ್ನು ತುಂಬುವುದು ಎರಡನೆಯ ಬಗೆ. ಎಲ್ಲ ಸ್ಥಳಗಳೂ ಸರಿಯಾಗದಿದ್ದರೆ ಅಂಕವಿಲ್ಲ. ಒಂದೇ ಬಿಟ್ಟ ಸ್ಥಳಕ್ಕೆ ಆರು ಶಬ್ದಗಳನ್ನು ಕೊಟ್ಟು, ವಾಕ್ಯಕ್ಕೆ ಒಂದೇ ಅರ್ಥ ಬರುವಂತೆ ಎರಡನ್ನು ಆರಿಸೆನ್ನುವುದು ಮೂರನೆಯ ಬಗೆ. ೨೦೨೩ರ ಸೆಪ್ಟೆಂಬರಿನಿಂದ ಪರೀಕ್ಷೆಯನ್ನು ಇನ್ನೂ ಮೊಟಕುಗೊಳಿಸಿ ಒಟ್ಟು ಎರಡು ಗಂಟೆಗಳೊಳಗೆ ತಂದಿದ್ದಾರೆ. ಭಾಷೆಯ ಭಾಗದಲ್ಲಿ ೪೧ ನಿಮಿಷಗಳಲ್ಲಿ ೨೭ ಪ್ರಶ್ನೆಗಳು. ೧೩೦ರಿಂದ ೧೭೦ರವರೆಗಿನ ಶ್ರೇಣಿಯಲ್ಲಿ ಅಂಕ ಕೊಡುತ್ತಾರೆ. ತಪ್ಪು ಉತ್ತರಕ್ಕೆ ಅಂಕವನ್ನು ಕಳೆಯುವುದಿಲ್ಲವಾದುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡತಕ್ಕದ್ದಲ್ಲ.

ಇಂತಿಷ್ಟೇ ಶಬ್ದಗಳು ಬರುವವೆಂಬ ಅಧಿಕೃತ ಪಟ್ಟಿಯು ಇಲ್ಲವೇ ಇಲ್ಲ. ಅಂಗಡಿಯಲ್ಲಿ ಮಾರುವ ಪಟ್ಟಿಗಳೆಲ್ಲವೂ ಹಳೆಯ ಪ್ರಶ್ನೆಗಳಿಂದ ಊಹಿಸಿ ಕೂಡಿಸಿದವು. ಅವು ನಿರುಪಯುಕ್ತವೆಂದು ನಾವು ಹೇಳುವುದಿಲ್ಲ, ವೇದವಾಕ್ಯವಲ್ಲವೆಂದಷ್ಟೇ ಹೇಳುತ್ತೇವೆ.

ವಾಕ್ಯವೇ ಗುರು

ಪ್ರಶ್ನೆಯ ಮರ್ಮವನ್ನು ಒಂದು ಕನ್ನಡ ವಾಕ್ಯದಿಂದಲೇ ತಿಳಿಯಬಹುದು. "ರಾಯರು ಸಭೆಯಲ್ಲಿ ಮಾತಿನ ಮಳೆಗರೆಯುವವರಾಗಿದ್ದರೂ ಮನೆಯಲ್ಲಿ ಮಾತ್ರ ........ ಆಗಿದ್ದರು." ಉದಾರಿ, ಮಿತಭಾಷಿ, ಕೋಪಿಷ್ಠ, ವಾಚಾಳಿ, ಧರ್ಮಭೀರು ಎಂಬ ಐದು ಶಬ್ದಗಳನ್ನು ಕೊಟ್ಟಿದ್ದಾರೆಂದು ತಿಳಿಯೋಣ. ಕನ್ನಡ ಬಲ್ಲ ಹುಡುಗನು ಕ್ಷಣವೂ ತಡೆಯದೆ 'ಮಿತಭಾಷಿ' ಎನ್ನುವನು. ಹೇಗೆ? 'ಇದ್ದರೂ' ಎಂಬಲ್ಲಿಯ 'ರೂ' ಎಂಬ ಒಂದಕ್ಷರವು ಅವನಿಗೆ ದಾರಿ ತೋರಿಸಿತು. ಅದೇ ವಾಕ್ಯವನ್ನು "ಸಭೆಯಲ್ಲಿ ಮಾತಿನ ಮಳೆಗರೆಯುವಂತೆಯೇ ಮನೆಯಲ್ಲಿಯೂ" ಎಂದು ತಿರುಗಿಸಿದರೆ ಉತ್ತರವು ಒಮ್ಮೆಲೆ 'ವಾಚಾಳಿ' ಎಂದಾಗುತ್ತದೆ. ಇಂಗ್ಲಿಷಿನಲ್ಲಿ 'ಆಲ್ದೋ', 'ಡಿಸ್ಪೈಟ್', 'ಹೆನ್ಸ್', 'ಫಾರ್ ಫ್ರಮ್' ಮೊದಲಾದವು ಇದೇ ಕೆಲಸವನ್ನು ಮಾಡುತ್ತವೆ. ಇವು ಯಾವ ಪಟ್ಟಿಯಲ್ಲಿಯೂ ಇರದ ಸಣ್ಣ ಮಾತುಗಳು. ಆದರೆ ಇವುಗಳನ್ನು ಲಕ್ಷಿಸದವನಿಗೆ ಮೂರೂವರೆ ಸಾವಿರ ಶಬ್ದಗಳು ಬಂದರೂ ಫಲವಿಲ್ಲ. ಬಿಟ್ಟ ಸ್ಥಳಕ್ಕೆ ಯಾವ ಅರ್ಥ ಬೇಕೆಂಬುದನ್ನು ಮೊದಲು ತನ್ನ ಮಾತಿನಲ್ಲಿ, ಬೇಕಾದರೆ ಕನ್ನಡದಲ್ಲಿಯೇ, ನಿಶ್ಚಯಿಸಿಕೊಂಡು ಆಮೇಲೆ ಕೊಟ್ಟ ಶಬ್ದಗಳನ್ನು ನೋಡುವುದೇ ಕ್ರಮ.

ಎರಡು ಶಬ್ದಗಳನ್ನಾರಿಸುವ ಪ್ರಶ್ನೆಗೂ ಇದೇ ನ್ಯಾಯ. "ಪಂಡಿತರ ಭಾಷಣವು ಎಷ್ಟು ........ ಆಗಿತ್ತೆಂದರೆ ಮುಂದಿನ ಸಾಲಿನವರೂ ತೂಕಡಿಸಿದರು." ಶಬ್ದಗಳು: ಮಧುರ, ನೀರಸ, ಕಠೋರ, ಇಂಪು, ಸಪ್ಪೆ, ಸಂಕ್ಷಿಪ್ತ. ಅವಸರದ ಹುಡುಗನು ಸಮಾನಾರ್ಥದ ಜೋಡಿಯನ್ನು ಹುಡುಕಿ 'ಮಧುರ', 'ಇಂಪು' ಎಂಬವುಗಳಿಗೆ ಗುರುತು ಹಾಕಿಬಿಡುವನು. ಅವು ಜೋಡಿಯೇನೋ ಸರಿ. ಆದರೆ ಕೇಳಿದವರು ತೂಕಡಿಸಿದರಲ್ಲ! 'ನೀರಸ', 'ಸಪ್ಪೆ' ಎಂಬವೇ ಉತ್ತರ. ಇಂಗ್ಲಿಷಿನಲ್ಲಿ ಇದಕ್ಕೆ 'ಇನ್ಸಿಪಿಡ್' ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ರುಚಿಯುಳ್ಳದ್ದೆಂಬ ಅರ್ಥದ ಪದಕ್ಕೆ ನಿಷೇಧವನ್ನು ಸೇರಿಸಿ ಇದನ್ನು ಮಾಡಿದ್ದಾರೆ. ನಮ್ಮ 'ನೀರಸ'ವೂ ರಸವಿಲ್ಲದ್ದು, 'ಸಪ್ಪೆ'ಯೂ ಉಪ್ಪುಖಾರವಿಲ್ಲದ್ದು. ಸಾವಿರಾರು ಗಾವುದ ದೂರದ ಜನರೂ ಬೇಸರದ ಮಾತನ್ನು ನಾಲಗೆಯ ರುಚಿಯಿಂದಲೇ ಅಳೆದರೆಂಬುದನ್ನು ಒಮ್ಮೆ ಕಂಡುಕೊಂಡ ವಿದ್ಯಾರ್ಥಿಯು ಆ ಶಬ್ದವನ್ನು ಮರೆಯುವ ಸಂಭವವಿಲ್ಲ.

ಧಾತುವೊಂದು, ಉಪಸರ್ಗ ಹಲವು

ಕನ್ನಡ ವಿದ್ಯಾರ್ಥಿಯ ಕೈಯಲ್ಲಿರುವ ದೊಡ್ಡ ಬಂಡವಾಳವು ಇನ್ನೊಂದುಂಟು. ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಎಂಬ ಶಬ್ದಗಳನ್ನು ಅವನು ನಿತ್ಯವೂ ಬಳಸುತ್ತಾನೆ. ಒಂದೇ ಧಾತುವು ಮುಂದೆ ನಿಂತ ಉಪಸರ್ಗವು ಬದಲಾದಂತೆ ಊಟವೂ ಆಗುತ್ತದೆ, ಹೊಡೆತವೂ ಆಗುತ್ತದೆ, ಬಿಡುಗಡೆಯ ಉಪಾಯವೂ ಆಗುತ್ತದೆ. ವ್ಯಾಕರಣ ಓದದವನಿಗೂ ಈ ಮರ್ಮವು ಕಿವಿಯಲ್ಲಿ ಕುಳಿತಿರುತ್ತದೆ. ಇಂಗ್ಲಿಷಿನ ಕಠಿನ ಶಬ್ದಗಳಲ್ಲಿ ಬಹುಭಾಗವು ಲ್ಯಾಟಿನ್, ಗ್ರೀಕ್ ಭಾಷೆಗಳಿಂದ ಬಂದವು. ಅವುಗಳ ರಚನೆಯೂ ಇದೇ ಬಗೆಯದು. ಲ್ಯಾಟಿನ್ನಿನಲ್ಲಿ 'ಲೊಕ್ವಿ' ಎಂದರೆ ಮಾತನಾಡುವುದು. ಅದರಿಂದ 'ಎಲೊಕ್ವೆಂಟ್' ಎಂದರೆ ವಾಗ್ಮಿ. 'ಲೊಕ್ವೇಶಸ್' ಎಂದರೆ ವಾಚಾಳಿ. 'ಗ್ರ್ಯಾಂಡಿಲೊಕ್ವೆಂಟ್' ಎಂದರೆ ಮಾತಿನ ಆಡಂಬರದವನು. 'ಕೊಲೋಕ್ವಿಯಲ್' ಎಂದರೆ ಆಡುಮಾತಿಗೆ ಸೇರಿದ್ದು. 'ಸರ್ಕಮ್‌ಲೊಕ್ಯೂಶನ್' ಎಂದರೆ ಸುತ್ತುಬಳಸಿನ ಮಾತು. 'ಸೊಲಿಲೊಕ್ವಿ' ಎಂದರೆ ನಾಟಕದ ಸ್ವಗತ. ಒಂದು ಧಾತುವನ್ನು ಹಿಡಿದವನಿಗೆ ಆರು ಶಬ್ದಗಳು ದೊರೆತವು. ಅಕ್ಷರಕ್ರಮದ ಪಟ್ಟಿಯಲ್ಲಾದರೋ ಈ ಆರೂ ಆರು ಕಡೆ ಚೆದರಿ ಬಿದ್ದಿರುತ್ತವೆ. ಒಂದು ಇನ್ನೊಂದರ ಬಂಧುವೆಂಬುದು ಓದುವವನಿಗೆ ತಿಳಿಯುವುದೇ ಇಲ್ಲ.

ಇಷ್ಟೇ ಅಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಈ ಮೂರೂ ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸರು ೧೭೮೬ರಲ್ಲಿ ಕಲಕತ್ತೆಯಲ್ಲಿ ಸಾರಿದರು. ಕನ್ನಡವು ಆ ಕುಲದ್ದಲ್ಲ, ದ್ರಾವಿಡ ಕುಲದ್ದು. ಆದರೆ ಸಾವಿರಾರು ತತ್ಸಮಗಳನ್ನು ತನ್ನದಾಗಿಸಿಕೊಂಡುದರಿಂದ ಆ ಬಳಗದ ನಂಟು ನಮಗೂ ಒದಗಿದೆ. ನಮ್ಮ 'ಅನಾದಿ', 'ಅನಂತ'ಗಳಲ್ಲಿಯ ನಿಷೇಧವೇ ಗ್ರೀಕಿನಲ್ಲಿಯೂ ಇದೆ. 'ಅನಾರ್ಕಿ' ಎಂದರೆ ಅರಾಜಕತೆ, 'ಅಮಾರ್ಫಸ್' ಎಂದರೆ ನಿರಾಕಾರ. ನಮ್ಮ 'ದುಸ್' ಎಂಬುದೇ ಅಲ್ಲಿ 'ಡಿಸ್' ಆಗಿದೆ, ನಮ್ಮ 'ಪಕ್ವ'ದ ಧಾತುವೇ 'ಪೆಪ್' ಆಗಿದೆ. 'ಡಿಸ್ಪೆಪ್ಟಿಕ್' ಎಂದರೆ ತಿಂದದ್ದು ಪಕ್ವವಾಗದವನು. ಅರಗದ ಹೊಟ್ಟೆಯವನು ಸಿಡುಕನಾಗುವುದರಿಂದ ಸಿಡುಕನೆಂಬ ಅರ್ಥವೂ ಆ ಶಬ್ದಕ್ಕೆ ಬಂದಿತು. ನಮ್ಮ 'ಸು' ಅಲ್ಲಿ 'ಯೂ' ಆಯಿತು: 'ಯೂಫನಿ' ಎಂದರೆ ಸುಸ್ವರ, 'ಯೂಲಜಿ' ಎಂದರೆ ಪ್ರಶಂಸೆ, 'ಯೂಫೆಮಿಸಮ್' ಎಂದರೆ ಅಶುಭವನ್ನು ಶುಭವಾದ ಮಾತಿನಿಂದ ಮರೆಸುವುದು. ದೀಪವು ಆರಿತೆನ್ನಬಾರದೆಂದು "ದೀಪ ದೊಡ್ಡದು ಮಾಡು" ಎನ್ನುವ ನಮ್ಮ ಮನೆಯ ಹಿರಿಯ ಹೆಂಗಸರಿಗೆ ಈ ಕಡೆಯ ಶಬ್ದದ ಅರ್ಥವನ್ನು ಯಾವ ಪಂಡಿತನೂ ಕಲಿಸಬೇಕಾಗಿಲ್ಲ.

'ಮ್ಯಾಗ್ನಾನಿಮಸ್' ಎಂಬ ಶಬ್ದವನ್ನು ನೋಡಿರಿ. ಅದರ ಮೊದಲ ಭಾಗವು ನಮ್ಮ 'ಮಹತ್' ಎಂಬುದರ ಬಂಧು. ಎರಡನೆಯದು ಚೇತನ, ಮನಸ್ಸು ಎಂಬರ್ಥದ್ದು. ಎಂದರೆ 'ಮಹಾತ್ಮ' ಎಂಬ ಪದದ ಕಟ್ಟಡವೇ ಇದು! ತನಗೆ ಕೇಡು ಬಗೆದವರನ್ನೂ ಕ್ಷಮಿಸುವ ದೊಡ್ಡ ಮನಸ್ಸಿನವನೆಂಬುದು ಅದರ ಅರ್ಥ. ಇದರ ವಿರುದ್ಧಪದವು 'ಪ್ಯೂಸಿಲ್ಲಾನಿಮಸ್': ಅಲ್ಪಚೇತನ, ಹೇಡಿ. 'ಈಕ್ವನಿಮಿಟಿ' ಎಂದರೆ ಸಮಚಿತ್ತತೆ. 'ಯುನ್ಯಾನಿಮಸ್' ಎಂದರೆ ಒಮ್ಮನಸ್ಸಿನ. ಎರಡು ಕೈಗಳನ್ನೂ ಸಮನಾಗಿ ಬಳಸುವವನಿಗೆ 'ಆಂಬಿಡೆಕ್ಸ್‌ಟ್ರಸ್' ಎನ್ನುತ್ತಾರೆ. ಎರಡೂ ಬಲಗೈಗಳೇ ಆದವನೆಂದು ಅದರ ಮೂಲಾರ್ಥ. ಅದರಲ್ಲಿಯ 'ಡೆಕ್ಸ್‌ಟರ್' ನಮ್ಮ 'ದಕ್ಷಿಣ'ದ ಒಡಹುಟ್ಟು. ಎಡಗೈಯಿಂದಲೂ ಬಾಣ ಬಿಡಬಲ್ಲ ಅರ್ಜುನನನ್ನು ನಾವು ಸವ್ಯಸಾಚಿಯೆನ್ನುತ್ತೇವೆ. ಗದುಗಿನ ಭಾರತವನ್ನು ಕೇಳಿ ಬೆಳೆದ ಹುಡುಗನಿಗೆ ಈ ಶಬ್ದವು ಪರಕೀಯವೇ?

ಇಲ್ಲಿ ಒಂದು ಎಚ್ಚರಿಕೆಯು ಅಗತ್ಯ. ರೂಪದ ನಂಟು ಇದ್ದಲ್ಲೆಲ್ಲ ಅರ್ಥವು ಒಂದೇ ಆಗಿರಬೇಕೆಂದಿಲ್ಲ. ೧೮೬೯ರಲ್ಲಿ ಹಕ್ಸ್‌ಲೆಯವರು ಟಂಕಿಸಿದ 'ಆಗ್ನಾಸ್ಟಿಕ್' ಎಂಬ ಶಬ್ದಕ್ಕೂ ನಮ್ಮ 'ಅಜ್ಞ'ನಿಗೂ ಮೂಲವು ಒಂದೇ. ಆದರೆ 'ಅಜ್ಞ'ನೆಂದರೆ ತಿಳಿಗೇಡಿ; ಆ ಇನ್ನೊಬ್ಬನಾದರೋ ದೇವರ ಅಸ್ತಿತ್ವವು ತಿಳಿಯಲಾರದ ವಿಷಯವೆಂದು ವಿಚಾರಪೂರ್ವಕವಾಗಿ ಹೇಳುವವನು. ಧಾತುವು ಬಾಗಿಲವರೆಗೆ ಕರೆದೊಯ್ಯುತ್ತದೆ; ಒಳಗೆ ಏನಿದೆಯೆಂಬುದನ್ನು ನಿಘಂಟುವಿನಲ್ಲಿಯೂ ವಾಕ್ಯದಲ್ಲಿಯೂ ನೋಡಿಯೇ ತಿಳಿಯಬೇಕು.

ಎರಡು ಮುಖದ ಶಬ್ದಗಳು

ಪರೀಕ್ಷಕರು ವಿದ್ಯಾರ್ಥಿಯನ್ನು ಎಡವಿಸುವುದು ಅಪರಿಚಿತ ಶಬ್ದಗಳಿಂದ ಮಾತ್ರವಲ್ಲ. ಅತಿ ಪರಿಚಿತವಾದವುಗಳಿಂದಲೇ ಹೆಚ್ಚಾಗಿ. 'ಸ್ಯಾಂಕ್ಷನ್' ಎಂಬುದು ಯಾರಿಗೆ ತಿಳಿಯದು? ಬ್ಯಾಂಕಿನಲ್ಲಿ ಸಾಲ ಸ್ಯಾಂಕ್ಷನ್ ಆಯಿತೆಂದು ರೈತನೂ ಹೇಳುತ್ತಾನೆ. ಆದರೆ ಒಂದು ರಾಷ್ಟ್ರದ ಮೇಲೆ ಹೇರುವ ನಿರ್ಬಂಧಕ್ಕೂ ದಂಡನೆಗೂ ಇದೇ ಶಬ್ದ. 'ಕ್ವಾಲಿಫೈ' ಎಂದರೆ ಅರ್ಹತೆ ಪಡೆಯುವುದು. ಆಡಿದ ಮಾತಿಗೆ ಮಿತಿ ಹಾಕುವುದೂ ಹೌದು. 'ಕ್ವಾಲಿಫೈಡ್' ಪ್ರಶಂಸೆಯೆಂದರೆ ಅರೆಮನಸ್ಸಿನ, ಷರತ್ತಿನ ಪ್ರಶಂಸೆ. 'ಟೆಂಪರ್' ಎಂದರೆ ಸಿಟ್ಟು. ಉಗ್ರತೆಯನ್ನು ತಗ್ಗಿಸುವುದೂ ಅದೇ. 'ಫ್ಲ್ಯಾಗ್' ಬಾವುಟವಷ್ಟೇ ಅಲ್ಲ, ಬಳಲಿ ಕುಗ್ಗುವುದೂ ಆಗಿದೆ. 'ಹಸ್‌ಬಂಡ್' ಗಂಡನಲ್ಲದೆ ಹಣವನ್ನು ಹಿಡಿತದಿಂದ ಬಳಸುವ ಕ್ರಿಯೆಯೂ ಹೌದು. 'ಪೆಡೆಸ್ಟ್ರಿಯನ್' ಎಂದರೆ ಪಾದಚಾರಿಯೂ ಆದೀತು, ಸ್ವಾರಸ್ಯವಿಲ್ಲದ್ದೂ ಆದೀತು.

ಇದು ಇಂಗ್ಲಿಷಿನ ಕುಹಕವೆಂದು ತಿಳಿಯಬಾರದು. ನಾವು 'ಶಿಕ್ಷೆ' ಎಂದರೆ ಹಿಂದಿಯವನು ವಿದ್ಯಾಭ್ಯಾಸವೆಂದು ತಿಳಿಯುತ್ತಾನೆ. ನಮಗೆ ಅದು ದಂಡನೆ. ನಾವು 'ಉಪನ್ಯಾಸ'ವನ್ನು ಕೇಳಲು ಹೋಗುತ್ತೇವೆ, ಅವನು ಅದನ್ನು ಕಾದಂಬರಿಯೆಂದು ಓದುತ್ತಾನೆ. ಅಮರಸಿಂಹನು ತನ್ನ ಕೋಶದಲ್ಲಿ ಅನೇಕಾರ್ಥಗಳುಳ್ಳ ಶಬ್ದಗಳಿಗಾಗಿಯೇ ನಾನಾರ್ಥವರ್ಗವೆಂಬ ಬೇರೆ ಭಾಗವನ್ನು ಮೀಸಲಿಟ್ಟನು. ಜಿ.ಆರ್.ಇ. ವಿದ್ಯಾರ್ಥಿಯೂ ತನ್ನ ವಹಿಯಲ್ಲಿ ಇಂಥದೊಂದು ನಾನಾರ್ಥವರ್ಗವನ್ನು ತೆರೆಯಲಿ.

ಮುಖ ನೋಡಿ ಮೋಸಹೋಗುವಂಥವು ಮತ್ತೆ ಕೆಲವಿವೆ. 'ಎನರ್ವೇಟ್' ಎಂಬುದನ್ನು ಕಂಡರೆ ಎನರ್ಜಿ ತುಂಬುವುದೆಂದು ತೋರುತ್ತದೆ. ನಿಜವಾಗಿ ಅದು ಶಕ್ತಿಗುಂದಿಸುವುದು. 'ನಾಯ್ಸಮ್' ಎಂದರೆ ಗದ್ದಲದ್ದಲ್ಲ, ದುರ್ಗಂಧದ್ದು. 'ರೆಸ್ಟಿವ್' ಎಂಬುದರಲ್ಲಿ ವಿಶ್ರಾಂತಿಯ ಗಂಧವೂ ಇಲ್ಲ. ಹಿಡಿದಿಟ್ಟಲ್ಲಿ ನಿಲ್ಲಲಾರದೆ ಚಡಪಡಿಸುವ ಕುದುರೆಯಂಥವನು ಅವನು. 'ಡಿಸ್ಇಂಟರೆಸ್ಟೆಡ್' ಎಂದರೆ ಆಸಕ್ತಿಯಿಲ್ಲದವನೆಂದು ಎಲ್ಲರೂ ಬರೆಯುತ್ತಾರೆ. ಸ್ವಾರ್ಥವಿಲ್ಲದವನು, ನಿಷ್ಪಕ್ಷಪಾತಿಯೆಂಬುದು ಪರೀಕ್ಷೆಯಲ್ಲಿ ಲಕ್ಷಿಸಬೇಕಾದ ಅರ್ಥ. 'ಇನ್ವ್ಯಾಲ್ಯುಯಬಲ್' ಎಂದರೆ ಬೆಲೆಯಿಲ್ಲದ್ದೇ? ಅಲ್ಲ, ಬೆಲೆ ಕಟ್ಟಲಾಗದ್ದು. ನಮ್ಮ 'ಅಮೂಲ್ಯ'ವನ್ನು ಬಲ್ಲವನು ಇದರಲ್ಲಿ ಮೋಸಹೋಗಲಾರನು.

ಶಬ್ದಗಳ ಹಿಂದಿನ ಕಥೆಗಳು

ಕೆಲವು ಶಬ್ದಗಳ ಬೆನ್ನ ಹಿಂದೆ ಇತಿಹಾಸವೇ ನಿಂತಿದೆ. ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೆನ್ಸಿನಲ್ಲಿ ರಾಜ್ಯಕ್ಕೆ ಅಪಾಯಕಾರಿಯೆಂದು ತೋರಿದವನ ಹೆಸರನ್ನು ಪೌರರು ಒಡೆದ ಮಡಕೆಯ ಚೂರುಗಳ ಮೇಲೆ ಗೀರಿ ಹಾಕುತ್ತಿದ್ದರು. ಬಹುಮತ ಬಿದ್ದವನು ಹತ್ತು ವರ್ಷ ಊರು ಬಿಡಬೇಕಾಗುತ್ತಿತ್ತು. ಆ ಚೂರಿನ ಗ್ರೀಕ್ ಹೆಸರಿನಿಂದ 'ಆಸ್ಟ್ರಸೈಜ್' ಎಂಬ ಶಬ್ದವು ಬಂದಿತು. ನಮ್ಮ ಮಾತಿನಲ್ಲಿ ಬಹಿಷ್ಕಾರ. ಸ್ಪಾರ್ಟದ ಸೀಮೆಗೆ ಲಕೋನಿಯವೆಂದು ಹೆಸರು. ಅಲ್ಲಿಯವರು ಬೆದರಿಕೆಯ ಉದ್ದ ಓಲೆಗೂ ಒಂದೇ ಶಬ್ದದ ಉತ್ತರ ಕೊಡುವಂಥವರೆಂದು ಪ್ರಸಿದ್ಧಿಯಿತ್ತಾದುದರಿಂದ ಮಿತಭಾಷಿಗೆ 'ಲಕಾನಿಕ್' ಎಂಬ ಹೆಸರಾಯಿತು. ಸರ್ವಾಂಟೀಸನು ೧೬೦೫ರಲ್ಲಿ ಮೊದಲ ಭಾಗವನ್ನು ಹೊರಡಿಸಿದ ಡಾನ್ ಕ್ವಿಕ್ಸೋಟನ ಕಥೆಯಿಂದ, ಉದಾತ್ತವಾದರೂ ನಡೆಯಲಾರದ ಹುಚ್ಚು ಆದರ್ಶಕ್ಕೆ 'ಕ್ವಿಕ್ಸಾಟಿಕ್' ಎಂದಾಯಿತು. ಯುರೋಪಿನ ಹಳೆಯ ವೈದ್ಯರು ದೇಹದಲ್ಲಿ ನಾಲ್ಕು ರಸಗಳನ್ನು ಎಣಿಸುತ್ತಿದ್ದರು: ರಕ್ತ ಹೆಚ್ಚಿದವನು 'ಸ್ಯಾಂಗ್ವಿನ್', ಆಶಾವಾದಿ, ಕಫ ಹೆಚ್ಚಿದವನು 'ಫ್ಲೆಗ್ಮ್ಯಾಟಿಕ್', ಮಂದ, ಹಳದಿ ಪಿತ್ತದವನು 'ಕೊಲೆರಿಕ್', ಕೋಪಿಷ್ಠ, ಕಪ್ಪು ಪಿತ್ತದವನು 'ಮೆಲಂಕಾಲಿಕ್', ಖಿನ್ನ. ಸಿಟ್ಟು ಬಂದವನಿಗೆ ಪಿತ್ತ ನೆತ್ತಿಗೇರಿತೆನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ನಮ್ಮ ದೇಶದಿಂದ ಹೋದ ಶಬ್ದಗಳೂ ಈ ಪಟ್ಟಿಗಳಲ್ಲಿ ಸಿಕ್ಕುತ್ತವೆ. ಪುರಿಯ ಜಗನ್ನಾಥನ ತೇರನ್ನು ಕಂಡು ಬೆರಗಾದ ಪರದೇಶೀಯರ ಬಾಯಲ್ಲಿ ಲೋಕನಾಥನ ಹೆಸರು 'ಜಗರ್ನಾಟ್' ಆಗಿ, ಎದುರಿಗೆ ಬಂದುದನ್ನೆಲ್ಲ ತುಳಿದು ನಡೆವ ಕುರುಡು ಶಕ್ತಿಯೆಂಬ ಅರ್ಥವನ್ನು ತಾಳಿತು. 'ಪರಾಯ' ಎಂಬುದು ತಮಿಳುನಾಡಿನ ಒಂದು ಸಮುದಾಯದ ಹೆಸರಿನಿಂದ ಹುಟ್ಟಿ, ಸಮಾಜವು ಹೊರಗಿಟ್ಟವನೆಂಬ ಅರ್ಥದಿಂದ ಜಗತ್ತಿನ ತುಂಬ ಹರಡಿದೆ. ಮೊದಲನೆಯದರಲ್ಲಿ ಪರರ ತಪ್ಪು ತಿಳಿವಳಿಕೆಯಿದೆ. ಎರಡನೆಯದರಲ್ಲಿ ನಮ್ಮದೇ ಪಾಪವಿದೆ. ಅದನ್ನು ಬಾಯಿಪಾಠ ಮಾಡುವ ಭಾರತೀಯ ವಿದ್ಯಾರ್ಥಿಯು ಅರ್ಥವನ್ನು ಮಾತ್ರ ಬರೆದುಕೊಂಡು ಮುಂದೆ ಹೋಗದೆ ಒಂದು ಕ್ಷಣ ನಿಂತು ಯೋಚಿಸುವುದು ಯೋಗ್ಯ.

ಬಾಯಿಪಾಠದ ವಿಷಯ

ಹಾಗಾದರೆ ಬಾಯಿಪಾಠವೇ ಬೇಡವೇ ಎಂದು ವಾಚಕರು ಕೇಳಬಹುದು. ಬೇಕು, ಆದರೆ ಕ್ರಮವರಿತು ಮಾಡಬೇಕು. ನಮ್ಮ ಹಿರಿಯರು ಅಮರಕೋಶವನ್ನು ಕಂಠಸ್ಥ ಮಾಡುತ್ತಿದ್ದರೆಂದು ನಾವು ಹೆಮ್ಮೆಪಡುತ್ತೇವೆ. ಅದನ್ನು ಅಕ್ಷರಕ್ರಮದಿಂದ ರಚಿಸಿಲ್ಲವೆಂಬುದನ್ನು ಮಾತ್ರ ಲಕ್ಷಿಸುವುದಿಲ್ಲ. ಸ್ವರ್ಗ, ದಿಕ್ಕು, ಕಾಲ, ಭೂಮಿ, ಊರು, ಬೆಟ್ಟ, ಗಿಡಮೂಲಿಕೆ ಎಂದು ಅರ್ಥದ ವರ್ಗಗಳನ್ನು ಮಾಡಿ, ಛಂದಸ್ಸಿನ ದಾರದಲ್ಲಿ ಪೋಣಿಸಿಟ್ಟಿದ್ದಾರೆ. ಒಂದನ್ನು ನೆನೆದರೆ ಅದರ ನೆರೆಯವುಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವುದಕ್ಕಾಗಿ ಅಭಿಧಾನವಸ್ತುಕೋಶವನ್ನು ರಚಿಸಿದ ನಾಗವರ್ಮನೂ ಪದ್ಯವನ್ನೇ ಆಶ್ರಯಿಸಿದನು. ಪರಭಾಷೆಯ ಪದಗಳನ್ನು ತನ್ನ ನುಡಿಯ ಮೂಲಕ ಕಲಿಯುವುದು ಕನ್ನಡಿಗನಿಗೆ ಹೊಸ ವಿದ್ಯೆಯಲ್ಲ.

ಇನ್ನು ಮರೆವಿನ ವಿಷಯ. ಜರ್ಮನಿಯ ಎಬ್ಬಿಂಗ್‌ಹೌಸನು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಕಲಿತು, ಎಷ್ಟು ಹೊತ್ತಿಗೆ ಎಷ್ಟು ಮರೆಯುವೆನೆಂಬುದನ್ನು ಅಳೆದು ೧೮೮೫ರಲ್ಲಿ ಪ್ರಕಟಿಸಿದನು. ಕಲಿತುದರಲ್ಲಿ ಬಹುಭಾಗವು ಮೊದಲ ಒಂದೆರಡು ದಿನಗಳಲ್ಲಿಯೇ ಜಾರಿಹೋಗುವುದೆಂದೂ, ಒಂದೇ ಸಲಕ್ಕೆ ತುರುಕಿಕೊಳ್ಳುವುದಕ್ಕಿಂತ ದಿನಗಳನ್ನು ಬಿಟ್ಟು ಬಿಟ್ಟು ಮೆಲುಕು ಹಾಕುವುದು ಲೇಸೆಂದೂ ಅವನು ಕಂಡನು. 'ಎ' ಮುಗಿಸಿ 'ಬಿ'ಗೆ ಹೋಗಿ ಹಿಂತಿರುಗಿ ನೋಡದ ನಮ್ಮ ತರುಣನು ಏಕೆ ಸೋತನೆಂಬುದಕ್ಕೆ ಉತ್ತರವು ಇದರಲ್ಲಿಯೇ ಇದೆ. ಉಪಾಯವು ಸುಲಭ. ದಪ್ಪ ಕಾಗದದ ಚೀಟಿಗಳನ್ನು ಕತ್ತರಿಸಿಕೊಂಡು, ಒಂದು ಬದಿಗೆ ಶಬ್ದ, ಇನ್ನೊಂದು ಬದಿಗೆ ಧಾತು, ಕನ್ನಡದ ಅರ್ಥ ಮತ್ತು ತಾನೇ ರಚಿಸಿದ ಒಂದು ವಾಕ್ಯವನ್ನು ಬರೆಯಬೇಕು. ಹಿಂಬದಿಯನ್ನು ನೋಡುವ ಮೊದಲು ಅರ್ಥವನ್ನು ತಾನಾಗಿ ನೆನೆಯಲು ಯತ್ನಿಸಬೇಕು. ಓದುವುದಕ್ಕಿಂತ ನೆನೆಯುವ ಯತ್ನದಿಂದಲೇ ನೆನಪು ಗಟ್ಟಿಯಾಗುತ್ತದೆ. ನೆನಪಾದವುಗಳನ್ನು ಮೂರು ದಿನ, ವಾರ, ತಿಂಗಳೆಂದು ದೂರ ಸರಿಸುತ್ತ ಹೋಗಬೇಕು. ಮರೆತುದನ್ನು ಮರುದಿನಕ್ಕೇ ತರಬೇಕು. ದಿನಕ್ಕೆ ಹತ್ತರಂತೆ ವಾರಕ್ಕೆ ಆರು ದಿನ ಹೊಸ ಶಬ್ದ, ಏಳನೆಯ ದಿನ ಮೆಲುಕು. ಹದಿನಾರು ವಾರಗಳಲ್ಲಿ ೯೬೦ ಶಬ್ದಗಳಾದವು. ಒಳ್ಳೆಯ ಇಂಗ್ಲಿಷ್ ಗದ್ಯವನ್ನು ದಿನವೂ ಅರ್ಧ ಗಂಟೆ ಓದುವ ಅಭ್ಯಾಸವನ್ನು ಇದರೊಡನೆ ಇಟ್ಟುಕೊಂಡರೆ, ಮೂರೂವರೆ ಸಾವಿರವನ್ನು ಅರೆಬರೆ ನುಂಗಿದವನಿಗಿಂತ ಇವನು ಗಟ್ಟಿಗನಾಗುವುದರಲ್ಲಿ ಸಂಶಯವಿಲ್ಲ.

ಕನ್ನಡದ ಅರ್ಥವನ್ನು ಬರೆಯಬೇಕೆಂದುದಕ್ಕೆ ಕಾರಣವುಂಟು. ಇಂಗ್ಲಿಷ್ ಶಬ್ದಕ್ಕೆ ಇಂಗ್ಲಿಷಿನಲ್ಲಿಯೇ ಅರ್ಥ ಬರೆದವನು ಎಷ್ಟೋ ಸಲ ಒಂದು ಕತ್ತಲೆಗೆ ಇನ್ನೊಂದು ಕತ್ತಲೆಯ ಹೆಸರನ್ನಿಡುತ್ತಾನೆ. 'ಟ್ಯಾಸಿಟರ್ನ್' ಎಂದರೆ 'ರೆಟಿಸೆಂಟ್' ಎಂದು ಒಪ್ಪಿಸುವವನಿಗೆ ಎರಡೂ ತಿಳಿದಿರುವುದಿಲ್ಲ. "ಬಾಯಿಬಿಡದವನು" ಎಂದು ಬರೆದುಕೊಂಡರೆ ತನ್ನ ಓಣಿಯ ಒಬ್ಬ ಮನುಷ್ಯನು ಕಣ್ಣೆದುರಿಗೆ ಬಂದು ನಿಲ್ಲುತ್ತಾನೆ. ಶಬ್ದಕ್ಕೆ ಜೀವ ಬರುತ್ತದೆ. ಇದಕ್ಕಾಗಿ ಮೈಸೂರು ವಿಶ್ವವಿದ್ಯಾನಿಲಯದವರು ೧೯೪೬ರಲ್ಲಿ ಹೊರತಂದ ಇಂಗ್ಲಿಷ್-ಕನ್ನಡ ನಿಘಂಟುವಿನಂಥ ಸಾಧನಗಳು ನಮ್ಮಲ್ಲಿವೆ. ೧೮೯೪ರಲ್ಲಿ ಕಿಟೆಲರು ಮಂಗಳೂರಿನಿಂದ ಪ್ರಕಟಿಸಿದ ಮಹಾಕೋಶವೂ ಇದೆ. ಜರ್ಮನಿಯಿಂದ ಬಂದ ಪಾದ್ರಿಯೊಬ್ಬರು ಕನ್ನಡದ ಒಂದೊಂದು ಶಬ್ದವನ್ನೂ ಅದರ ಬಳಕೆಯೊಡನೆ ಹಿಡಿದು ತಮ್ಮ ಆಯುಷ್ಯದ ದೊಡ್ಡ ಭಾಗವನ್ನು ಸವೆಸಿದರು. ಪರಭಾಷೆಯನ್ನು ಕಲಿಯುವ ಬಗೆ ಹೇಗೆಂಬುದಕ್ಕೆ ನಮ್ಮ ತರುಣರಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇರೆ ಬೇಕಿಲ್ಲ.

ಕಡೆಯದಾಗಿ ತಂದೆತಾಯಿಗಳಿಗೆ ಎರಡು ಮಾತು. ಪರೀಕ್ಷೆಯ ಶುಲ್ಕವು ಸಣ್ಣದಲ್ಲ. ಅಭ್ಯಾಸ ಮಾಡಿಸುವವರ ಶುಲ್ಕವು ಅದಕ್ಕಿಂತಲೂ ದೊಡ್ಡದು. ೨೦೨೦ರ ಮಹಾಮಾರಿಯ ನಂತರ ಅಮೇರಿಕೆಯ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಎಷ್ಟೋ ವಿಭಾಗಗಳು ಈ ಪರೀಕ್ಷೆಯನ್ನು ಕೈಬಿಟ್ಟಿವೆ. ಕೆಲವು ಅದನ್ನು ಐಚ್ಛಿಕವಾಗಿಸಿವೆ, ಮತ್ತೆ ಕೆಲವು ಈಗಲೂ ಕೇಳುತ್ತವೆ. ಆದುದರಿಂದ ಹಣ ಕಟ್ಟುವ ಮೊದಲು, ಮಗನೋ ಮಗಳೋ ಸೇರಬೇಕೆಂದಿರುವ ವಿಭಾಗವು ಇದನ್ನು ಕೇಳುವುದೇ ಇಲ್ಲವೇ ಎಂಬುದನ್ನು ಆ ವಿಭಾಗದ ಪ್ರಕಟಣೆಯಿಂದಲೇ ತಿಳಿದುಕೊಳ್ಳಿರಿ. ಒಮ್ಮೆ ಪಡೆದ ಅಂಕವು ಐದು ವರ್ಷ ಊರ್ಜಿತವಾಗಿರುವುದರಿಂದ ಅವಸರದಿಂದ ಪರೀಕ್ಷೆಗೆ ನುಗ್ಗುವುದಕ್ಕಿಂತ ಸಿದ್ಧತೆ ಮಾಡಿಕೊಂಡು ಕುಳಿತುಕೊಳ್ಳುವುದೇ ಮೇಲು. ಶಬ್ದಗಳ ಪಟ್ಟಿಯನ್ನು ಕಂಡು ಮಕ್ಕಳು ಅಂಜಿದರೆ "ಕನ್ನಡ ಶಾಲೆಗೆ ಹಾಕಿ ತಪ್ಪು ಮಾಡಿದೆವು" ಎಂಬ ಮಾತನ್ನು ಅವರ ಮುಂದೆ ಆಡದಿರಿ. ಆ ಮಾತು ಸತ್ಯವಲ್ಲ. ಅಷ್ಟೇ ಅಲ್ಲ, ಅದು ಮಕ್ಕಳಿಗೆ ಇರುವ ಬಲವನ್ನೂ ಕಸಿಯುತ್ತದೆ.

ಧಾರವಾಡದ ಆ ಅಜ್ಜನವರು ಮೊಮ್ಮಗನ ಪಟ್ಟಿಯನ್ನು ತೆಗೆದುಕೊಂಡು ಕನ್ನಡಕವೇರಿಸಿ ನೋಡಿದರಂತೆ. ಇಂಗ್ಲಿಷನ್ನು ಅವರು ಹೆಚ್ಚು ಓದಿದವರಲ್ಲ. ಆದರೂ "ಇದನ್ನು ಯಾರು ಹೀಗೆ ಬಳಗವನ್ನು ಅಗಲಿಸಿ ಕೂಡಿಸಿದರು? ಮೊದಲು ಅಣ್ಣತಮ್ಮಂದಿರನ್ನೆಲ್ಲ ಒಂದು ಕಡೆ ಸೇರಿಸು, ಆಮೇಲೆ ಹೆಸರು ಕೇಳು" ಎಂದರಂತೆ. ಆ ದಿನದಿಂದ ತರುಣನು ಪಟ್ಟಿಯನ್ನು ಮುಚ್ಚಿಟ್ಟು ಚೀಟಿಗಳನ್ನು ಕತ್ತರಿಸಲು ಕುಳಿತಿದ್ದಾನೆಂದು ಮಿತ್ರರು ತಿಳಿಸಿದ್ದಾರೆ. ಅವನು ಅಮೇರಿಕೆಗೆ ಹೋಗುವನೋ ಇಲ್ಲಿಯೇ ಉಳಿಯುವನೋ ನಾವು ಹೇಳಲಾರೆವು. ಎಲ್ಲಿದ್ದರೂ ಶಬ್ದಗಳ ನಂಟನ್ನು ಅರಿತು ಓದುವ ಬುದ್ಧಿಯು ಅವನ ಜೊತೆಗಿರುತ್ತದೆ. ತನ್ನ ನುಡಿಯು ತನ್ನ ಕಾಲಿಗೆ ಬಿದ್ದ ಸಂಕೋಲೆಯಲ್ಲ, ಕೈಗೆ ಸಿಕ್ಕ ಊರುಗೋಲು ಎಂಬ ಅರಿವೂ ಜೊತೆಗಿರುತ್ತದೆ. ಆ ಅರಿವನ್ನು ಅಳೆಯುವ ಪರೀಕ್ಷೆಯು ಇನ್ನೂ ಹುಟ್ಟಿಲ್ಲ. ಆದರೆ ಬಾಳಿನಲ್ಲಿ ಅದರ ಬೆಲೆಯು ಅಂಕಗಳಿಗಿಂತ ಹೆಚ್ಚಿನದು.